ಒಂದೇ ಚಿತ್ರ, ಮೂರು ಚೌಕಟ್ಟು

ಭಾನುವಾರದ ಬೆಳಗ್ಗೆ. ಸೋಫಾದ ಮೇಲೆ ಹತ್ತಿ ನಿಂತ ಅಪ್ಪನ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಮೊಳೆ. ಕೆಳಗೆ ನೆಲದ ಮೇಲೆ ಹಿಂದಿನ ದಿನವಷ್ಟೇ ಪಾರ್ಸೆಲ್‌ನಲ್ಲಿ ಬಂದ ಐದು ತುಂಡಿನ ಚಿತ್ರ: ಓಡುವ ಕುದುರೆಗಳು. 'ಇನ್ನೊಂಚೂರು ಎಡಕ್ಕೆ' ಎಂದು ಅಮ್ಮನ ಸೂಚನೆ. ಮೊದಲ ಮೊಳೆ ಬಗ್ಗಿತು, ಎರಡನೆಯದು ಅಂಗೈಯಗಲ ಗಾರೆ ಉದುರಿಸಿತು. ಅಂತೂ ಐದೂ ತುಂಡು ಗೋಡೆ ಏರಿದಾಗ ಕುದುರೆಯ ಮೂತಿ ಒಂದು ತುಂಡಿನಲ್ಲಿ, ಕಣ್ಣು ಮತ್ತೊಂದರಲ್ಲಿ. ಕೊನೆಯ ತುಂಡು ಅರ್ಧ ಸ್ವಿಚ್‌ಬೋರ್ಡಿನ ಮೇಲೆ. ಸದ್ದು ಕೇಳಿ ಒಳಗಿನಿಂದ ಬಂದ ಹೈಸ್ಕೂಲು ಓದುವ ಮಗಳು ಕೇಳಿದ್ದು ಒಂದೇ ಮಾತು: 'ಅಪ್ಪಾ, ಅಳತೆ ತೊಗೊಂಡಿದ್ರಾ?'

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಒಂದೇ ಚಿತ್ರವನ್ನು ಮೂರೋ ಐದೋ ತುಂಡು ಮಾಡಿ ಪಕ್ಕಪಕ್ಕದಲ್ಲಿ ತೂಗುಹಾಕುವ ಅಲಂಕಾರ ಈಗ ಪೇಟೆಯ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಧಾರಾಳವಾಗಿ ಸಿಗುತ್ತದೆ. ಹೊಸ ಮನೆ ಕಟ್ಟಿದವರು, ಬಾಡಿಗೆ ಮನೆ ಬದಲಿಸಿದವರು, ಗೃಹಪ್ರವೇಶಕ್ಕೆ ಉಡುಗೊರೆ ಹುಡುಕುವವರು ಎಲ್ಲರಿಗೂ ಅದರ ಮೇಲೆ ಕಣ್ಣು. ಕೊಳ್ಳುವುದು ಐದು ನಿಮಿಷದ ಕೆಲಸ. ಆದರೆ ಚಿತ್ರ ಗೋಡೆಯ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಮನೆಯ ಮಕ್ಕಳು ಓದುತ್ತ, ಉಣ್ಣುತ್ತ, ಬಂದವರೊಡನೆ ಮಾತಾಡುತ್ತ ದಿನವೂ ಅದನ್ನೇ ನೋಡುತ್ತಾರೆ. ಆದ್ದರಿಂದ ಮೊಳೆ ಹೊಡೆಯುವ ಮುಂಚೆ ಸ್ವಲ್ಪ ಯೋಚನೆ, ಸ್ವಲ್ಪ ಲೆಕ್ಕ ಅಗತ್ಯ. ಆ ಲೆಕ್ಕಕ್ಕೆ ಮನೆಯ ವಿದ್ಯಾರ್ಥಿಗಿಂತ ಯೋಗ್ಯರು ಬೇರೆ ಯಾರಿದ್ದಾರೆ?

ಹೊಸ ಫ್ಯಾಷನ್ ಏನಲ್ಲ

ತುಂಡು ತುಂಡಾಗಿ ಚಿತ್ರ ಬರೆಯುವ ಪದ್ಧತಿ ತುಂಬ ಹಳೆಯದು. ಯುರೋಪಿನ ಚರ್ಚುಗಳಲ್ಲಿ ಬಾಗಿಲಿನಂತೆ ಮಡಚಬಹುದಾದ ಮರದ ಹಲಗೆಗಳ ಮೇಲೆ ಚಿತ್ರ ಬರೆಯುತ್ತಿದ್ದರು. ಬೆಲ್ಜಿಯಂ ದೇಶದ ಗೆಂಟ್ ನಗರದ ಸೇಂಟ್ ಬಾವೋ ಚರ್ಚಿನಲ್ಲಿರುವ, ವ್ಯಾನ್ ಐಕ್ ಸೋದರರ ಹಲವು ಹಲಗೆಗಳ ಚಿತ್ರ ಪೂರ್ಣಗೊಂಡದ್ದು 1432ರಲ್ಲಿ. ಅದರ ಒಂದು ಹಲಗೆಯನ್ನು 1934ರಲ್ಲಿ ಕಳ್ಳರು ಹೊತ್ತೊಯ್ದರು. ಅದು ಮತ್ತೆ ಸಿಗಲೇ ಇಲ್ಲ. ಆ ಜಾಗವನ್ನು ಖಾಲಿ ಬಿಡಲಾಗದೆ ಅದರ ನಕಲೊಂದನ್ನು ಬರೆಸಿ ಕೂರಿಸಿದ್ದಾರೆ. ಒಂದು ತುಂಡು ಹೋದರೆ ಉಳಿದವೂ ಕಳೆಗುಂದುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಜಪಾನಿನ ಕಥೆ ಬೇರೆ. ಅಲ್ಲಿ ಮರದ ಅಚ್ಚಿನಿಂದ ಚಿತ್ರ ಮುದ್ರಿಸುವವರಿಗೆ ದೊಡ್ಡ ಹಲಗೆ, ದೊಡ್ಡ ಕಾಗದ ಸಿಗುವುದು ಕಷ್ಟವಾಗಿತ್ತು. ರೂಢಿಯಲ್ಲಿದ್ದ ಹಾಳೆ ಸುಮಾರು 15 ಅಂಗುಲ ಎತ್ತರ, 10 ಅಂಗುಲ ಅಗಲದ್ದು. ವಿಶಾಲ ದೃಶ್ಯ ಬೇಕೆನಿಸಿದಾಗ ಮೂರು ಹಾಳೆ ಜೋಡಿಸಿದರು. 19ನೆಯ ಶತಮಾನದ ಕಲಾವಿದ ಕುನಿಯೋಶಿ ಒಂದು ಬೃಹತ್ ಅಸ್ಥಿಪಂಜರವನ್ನು ಒಂದು ಹಾಳೆಯಿಂದ ಇನ್ನೊಂದಕ್ಕೆ ಬಾಗುವಂತೆ ಬರೆದದ್ದು ಇಂಥ ಮೂರು ಹಾಳೆಗಳ ಚಿತ್ರದಲ್ಲೇ. ಒಳ್ಳೆಯ ಕಲಾವಿದರು ಮೂರೂ ಹಾಳೆ ಕೂಡಿದಾಗ ಒಂದು ಚಿತ್ರವಾಗುವಂತೆಯೂ, ಬಿಡಿಯಾಗಿ ನೋಡಿದಾಗ ಪ್ರತಿ ಹಾಳೆಗೂ ಒಂದು ಅರ್ಥವಿರುವಂತೆಯೂ ಎಚ್ಚರ ವಹಿಸುತ್ತಿದ್ದರು.

ಇಂದು ಅಂಗಡಿಯಲ್ಲಿ ಚಿತ್ರ ಆರಿಸುವವರಿಗೂ ಇದೇ ಒರೆಗಲ್ಲು. ಒಂದು ತುಂಡನ್ನು ಕೈಯಿಂದ ಮುಚ್ಚಿ ಉಳಿದವನ್ನು ನೋಡಬೇಕು. ಪ್ರತಿ ತುಂಡಿನಲ್ಲೂ ಕಣ್ಣು ನಿಲ್ಲುವಂಥದ್ದು ಏನಾದರೂ ಇದ್ದರೆ ಚಿತ್ರ ಒಳ್ಳೆಯದು.

ಕಿಟಕಿ ಕಲಿಸುವ ಪಾಠ

ಎಲ್ಲ ಚಿತ್ರವನ್ನೂ ತುಂಡು ಮಾಡಲಾಗದು. ನದಿ, ಬೆಟ್ಟಸಾಲು, ಕಾಡು, ಮೋಡ, ಊರ ಬೀದಿ ಇಂಥ ಅಗಲವಾದ ದೃಶ್ಯಗಳು ಹೊಂದುತ್ತವೆ. ಮುಖವಿರುವ ಚಿತ್ರದಲ್ಲಿ ಸಂದಿ ಎಲ್ಲಿ ಬರುತ್ತದೆಂದು ಮೊದಲೇ ನೋಡಬೇಕು. ಇನ್ನು ದೇವರ ಚಿತ್ರವನ್ನೋ ಹಿರಿಯರ ಭಾವಚಿತ್ರವನ್ನೋ ತುಂಡು ಮಾಡುವುದು ಅನೇಕರ ಮನಸ್ಸಿಗೆ ಒಗ್ಗದು. ಅವನ್ನು ಇಡಿಯಾಗಿಯೇ ಹಾಕುವುದು ಲೇಸು.

ಸಂದಿಯ ವಿಷಯದಲ್ಲಿ ಮುದ್ರಿಸುವವರೂ ಎಡವುವುದುಂಟು. ಮೂರು ಬಾಗಿಲಿನ ಕಿಟಕಿಯೊಂದನ್ನು ನೆನೆದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಆಚೆಗಿನ ತೆಂಗಿನ ಗರಿಯ ಸ್ವಲ್ಪ ಭಾಗವನ್ನು ಕಿಟಕಿಯ ಚೌಕಟ್ಟು ಮರೆಮಾಡುತ್ತದೆ. ಕಣ್ಣು ತಾನೇ ಅದನ್ನು ತುಂಬಿಕೊಳ್ಳುತ್ತದೆ. ತುಂಡು ಚಿತ್ರದಲ್ಲೂ ಸಂದಿಯಷ್ಟು ಅಗಲದ ಚಿತ್ರವನ್ನು ಬಿಟ್ಟುಕೊಡಬೇಕು. ಹಾಗೆ ಮಾಡದೆ ಸುಮ್ಮನೆ ಕತ್ತರಿಸಿ ದೂರ ಸರಿಸಿದರೆ ಓರೆ ರೇಖೆಗಳು ಮುರಿಯುತ್ತವೆ. ಬೆಟ್ಟದ ಇಳಿಜಾರು 45 ಡಿಗ್ರಿ ಇದ್ದು ಸಂದಿ 3 ಅಂಗುಲವಾದರೆ, ರೇಖೆ ಆ ಬದಿಯಲ್ಲಿ 3 ಅಂಗುಲ ತಪ್ಪಿರುತ್ತದೆ. ಒಂದು ಅಡಿಕೋಲು ಹಿಡಿದರೆ ತಪ್ಪು ಬಯಲಾಗುತ್ತದೆ.

ಸ್ವಂತ ಫೋಟೋವನ್ನು ಮುದ್ರಿಸಲು ಬಯಸುವವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. 12 ಮೆಗಾಪಿಕ್ಸೆಲ್ ಫೋಟೋದ ಅಗಲ ಸುಮಾರು 4000 ಚುಕ್ಕಿ. ಅದನ್ನು 54 ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ 74 ಚುಕ್ಕಿ ಮಾತ್ರ. ದೂರದಿಂದ ಪರವಾಗಿಲ್ಲ, ಹತ್ತಿರ ಹೋದರೆ ಮಂಕು. ಅಂಗುಲಕ್ಕೆ 150 ಚುಕ್ಕಿ ಇದ್ದರೆ ಹತ್ತಿರದಿಂದಲೂ ಸ್ಪಷ್ಟ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋ ಈ ಕೆಲಸಕ್ಕೆ ಸಾಲದು. ಕಳಿಸುವಾಗಲೇ ಅದರ ಚುಕ್ಕಿಗಳು ಕಡಿಮೆಯಾಗಿರುತ್ತವೆ. ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಎಳೆದು ಕಟ್ಟುವಾಗ ಅಂಚಿನ ಒಂದೂವರೆ ಅಂಗುಲದಷ್ಟು ಪಕ್ಕಕ್ಕೆ ಮಡಚಿ ಹೋಗುವುದನ್ನೂ ಮರೆಯಬಾರದು.

ಕೂಡುವ, ಕಳೆಯುವ ಲೆಕ್ಕ

ಚುಕ್ಕಿ ರಂಗೋಲಿ ಹಾಕುವವರು ಮೊದಲು ಚುಕ್ಕಿ ಎಣಿಸುತ್ತಾರೆ, ಎಳೆ ಎಳೆಯುವುದು ಆಮೇಲೆ. ಗೋಡೆಯ ಕೆಲಸವೂ ಹಾಗೆಯೇ. ಸೋಫಾದ ಮೇಲೆ ತೂಗುವ ಚಿತ್ರದ ಒಟ್ಟು ಅಗಲ ಸೋಫಾದ ಅಗಲದ ಮೂರನೇ ಎರಡರಿಂದ ಮುಕ್ಕಾಲು ಭಾಗದಷ್ಟಿದ್ದರೆ ಕಣ್ಣಿಗೆ ಹಿತ ಎಂಬುದು ಅಲಂಕಾರ ಮಾಡುವವರ ರೂಢಿ. ತುಂಡುಗಳ ನಡುವೆ 2ರಿಂದ 3 ಅಂಗುಲ ಸಂದಿ ಸಾಕು. ಹೆಚ್ಚಾದರೆ ಚಿತ್ರ ಬೇರೆ ಬೇರೆಯಾಗಿ ಕಾಣುತ್ತದೆ.

ಸೋಫಾ 6 ಅಡಿ, ಅಂದರೆ 72 ಅಂಗುಲ ಎಂದಿಟ್ಟುಕೊಳ್ಳೋಣ. ಅದರ ಮುಕ್ಕಾಲು 54. ಮೂರು ತುಂಡಿಗೆ ಎರಡು ಸಂದಿ. ತಲಾ 3ರಂತೆ 6 ಅಂಗುಲ. ಉಳಿದ 48ನ್ನು ಮೂರರಿಂದ ಭಾಗಿಸಿದರೆ ಒಂದು ತುಂಡಿನ ಅಗಲ 16 ಅಂಗುಲ. ನಡುವಿನ ತುಂಡಿನ ಮಧ್ಯರೇಖೆ ಸೋಫಾದ ಮಧ್ಯಕ್ಕೆ ಸರಿಯಾಗಿ ಬರಬೇಕು. ಅಕ್ಕಪಕ್ಕದ ತುಂಡುಗಳ ಮಧ್ಯರೇಖೆ ಅಲ್ಲಿಂದ 19 ಅಂಗುಲ ದೂರ. ಇದೇ ಜಾಗಕ್ಕೆ ಐದು ತುಂಡು ಬೇಕೆಂದರೆ, 2 ಅಂಗುಲದ ನಾಲ್ಕು ಸಂದಿ ಕಳೆದು ಪ್ರತಿ ತುಂಡಿಗೆ ಉಳಿಯುವುದು 9 ಅಂಗುಲಕ್ಕೆ ತುಸು ಹೆಚ್ಚು ಅಷ್ಟೇ. ಕುದುರೆಯ ಮೂತಿ ಕಣ್ಣಿನಿಂದ ಬೇರೆಯಾದದ್ದು ಏಕೆಂದು ಈಗ ಹೇಳಬೇಕಾಗಿಲ್ಲ!

ಎತ್ತರಕ್ಕೂ ಲೆಕ್ಕವಿದೆ. ನಮ್ಮ ಹಳೆಯ ಮನೆಗಳಲ್ಲಿ ಪಟಗಳನ್ನು ಬಾಗಿಲಿಗಿಂತ ಮೇಲೆ, ಮುಂದಕ್ಕೆ ಬಾಗಿದಂತೆ ಕಟ್ಟುತ್ತಿದ್ದರು. ಕೈಮುಗಿದು ತಲೆಯೆತ್ತಿ ನೋಡುವ ದೇವರ ಪಟಕ್ಕೆ ಅದು ಸರಿ. ಕುಳಿತು ನೋಡುವ ಚಿತ್ರಕ್ಕೆ ಅಲ್ಲ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಅಂಗುಲ ಎತ್ತರದಲ್ಲಿದ್ದರೆ ಅದು ನಿಂತವರ ಕಣ್ಣಿನ ಮಟ್ಟ. ಸೋಫಾದ ಬೆನ್ನು 34 ಅಂಗುಲ, ಅದರ ಮೇಲೆ 8 ಅಂಗುಲ ಖಾಲಿ ಜಾಗ, ಚಿತ್ರದ ಎತ್ತರ 30 ಅಂಗುಲ ಎಂದಾದರೆ ನಡುಭಾಗ ಸರಿಯಾಗಿ 57ಕ್ಕೆ ಬರುತ್ತದೆ.

ಹಳೇ ಪೇಪರಿನ ಉಪಾಯ

ಲೆಕ್ಕ ಕಾಗದದ ಮೇಲೆ ಸರಿಯಾದ ಮಾತ್ರಕ್ಕೆ ಗೋಡೆಯ ಮೇಲೂ ಸರಿಯಾಗಬೇಕೆಂದಿಲ್ಲ. ಹಳೆಯ ದಿನಪತ್ರಿಕೆಗಳನ್ನು ತುಂಡಿನ ಅಳತೆಗೆ ಕತ್ತರಿಸಿ, ಸುಲಭವಾಗಿ ಕೀಳುವ ಟೇಪಿನಿಂದ ಗೋಡೆಗೆ ಅಂಟಿಸಬೇಕು. ಎರಡು ಮೂರು ದಿನ ಹಾಗೇ ಬಿಟ್ಟು ಬಾಗಿಲಿನಿಂದ, ಊಟದ ಮೇಜಿನಿಂದ, ರಾತ್ರಿ ದೀಪದ ಬೆಳಕಿನಲ್ಲಿ ನೋಡಬೇಕು. ಅಜ್ಜಿಗೆ ಕಾಣುತ್ತದೆಯೇ? ಸೋಫಾದಲ್ಲಿ ಕುಳಿತವರ ತಲೆಗೆ ತಗಲುತ್ತದೆಯೇ? ಚಿತ್ರಕ್ಕೆ ಹಣ ಕೊಡುವ ಮುಂಚೆಯೇ ಈ ಪರೀಕ್ಷೆ ನಡೆದರೆ ಇನ್ನೂ ಉತ್ತಮ.

ಮೊಳೆಯ ಜಾಗ ಗುರುತಿಸುವಾಗ ಬಹಳ ಮಂದಿ ಚೌಕಟ್ಟಿನ ಮೇಲಂಚಿಗೇ ಗೆರೆ ಹಾಕುತ್ತಾರೆ. ಆದರೆ ಹಿಂಬದಿಯ ತಂತಿಯನ್ನು ಎಳೆದು ಹಿಡಿದಾಗ ಅದು ಮೇಲಂಚಿಗಿಂತ 3 ಅಂಗುಲ ಕೆಳಗೆ ನಿಂತರೆ, ಚಿತ್ರ ಅಷ್ಟೇ ಮೇಲಕ್ಕೆ ಏರಿ ಕೂರುತ್ತದೆ. ಮೇಲಿನ ಲೆಕ್ಕದಲ್ಲಿ ಚಿತ್ರದ ಮೇಲಂಚು 72 ಅಂಗುಲ. ಮೊಳೆ 69ಕ್ಕೆ ಬರಬೇಕು. ಪ್ರತಿ ತುಂಡಿಗೆ ಎರಡು ಮೊಳೆಯಿದ್ದರೆ ಚಿತ್ರ ವಾಲುವುದಿಲ್ಲ. ಮೂರನ್ನೂ ಒಂದೇ ಮಟ್ಟಕ್ಕೆ ತರಲು ಗಾರೆ ಕೆಲಸದವರ ರಸಮಟ್ಟವೇ ಗತಿ. ಕಣ್ಣಂದಾಜು ಸಾಲದು.

ಇಲ್ಲಿ ಒಂದು ಎಚ್ಚರಿಕೆ. ಸ್ವಿಚ್‌ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ಗೋಡೆಯೊಳಗೆ ವಿದ್ಯುತ್ ತಂತಿಯ ಪೈಪು ಹಾದಿರುವ ಸಂಭವ ಹೆಚ್ಚು. ಅಲ್ಲಿ ಮೊಳೆಯಾಗಲಿ ಡ್ರಿಲ್ ಆಗಲಿ ಕೂಡದು. ಡ್ರಿಲ್ ಕೆಲಸ ದೊಡ್ಡವರದೇ. ಭಾರದ ಚಿತ್ರಕ್ಕೆ ಬರೀ ಮೊಳೆ ನೆಚ್ಚದೆ ರಂಧ್ರ ಕೊರೆದು ಪ್ಲಾಸ್ಟಿಕ್ ಪ್ಲಗ್ ಕೂರಿಸಿ ಸ್ಕ್ರೂ ಹಾಕಬೇಕು. ಜನ ಕೂರುವ ಜಾಗದ ಮೇಲೆ ಗಾಜಿನ ಚೌಕಟ್ಟಿಗಿಂತ ಹಗುರವಾದ ಕ್ಯಾನ್ವಾಸ್ ಸುರಕ್ಷಿತ. ಬಾಡಿಗೆ ಮನೆಯಾದರೆ ಮಾಲೀಕರನ್ನು ಒಂದು ಮಾತು ಕೇಳುವುದು ಮುಂದಿನ ಮನಸ್ತಾಪವನ್ನೂ, ಅಡ್ವಾನ್ಸ್‌ನಲ್ಲಿ ಹಣ ಮುರಿಯುವುದನ್ನೂ ತಪ್ಪಿಸುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ಚೂರು ಅಂಟಿಸಿದರೆ ಗಾಳಿಯಾಡಿ ಬೂಷ್ಟು ಕಡಿಮೆಯಾಗುತ್ತದೆ. ನೇರ ಬಿಸಿಲು ಬೀಳುವ ಗೋಡೆಯಲ್ಲಿ ಬಣ್ಣ ಬೇಗ ಮಾಸುತ್ತದೆ.

ಯಾರ ಚಿತ್ರ?

ಅಳತೆ ಆಯಿತು, ಮೊಳೆಯೂ ಆಯಿತು. ಉಳಿದದ್ದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಗೋಡೆಯ ಮೇಲೆ ಯಾರ ಚಿತ್ರ?

ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುತ್ತ ಬಂದವರು. ಆ ಗೋಡೆಗೆ ಚಿತ್ರ ಪೇಟೆಯಿಂದ ಬರಲಿಲ್ಲ, ಮನೆಯವರ ಕೈಯಿಂದಲೇ ಬಂತು. ಕೊಳ್ಳುವುದೇ ಆದರೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಚಿತ್ರಸಂತೆಯಂಥ ಕಡೆ ಬರೆದವರನ್ನೇ ಮಾತಾಡಿಸಿ ಕೊಳ್ಳಬಹುದು. ಮಕ್ಕಳಿಗೆ ಅದೂ ಒಂದು ಪಾಠವೇ.

ಆದರೆ ಎಷ್ಟೋ ಮನೆಗಳಲ್ಲಿ ಕಲಾವಿದರು ಒಳಕೋಣೆಯಲ್ಲೇ ಇರುತ್ತಾರೆ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಪಾಸು ಮಾಡಿದ ಮಕ್ಕಳು ಎಸ್ಸೆಸ್ಸೆಲ್ಸಿಗೆ ಬರುತ್ತಿದ್ದಂತೆ ಬಣ್ಣದ ಡಬ್ಬಿ ಅಟ್ಟ ಸೇರುತ್ತದೆ. 'ಈ ವರ್ಷ ಇದೆಲ್ಲ ಬೇಡ' ಎಂಬ ಮಾತಿನ ಹಿಂದೆ ತಂದೆತಾಯಿಗೆ ಅಂಕಗಳ ಚಿಂತೆಯಿದೆ, ಅದು ತಪ್ಪಲ್ಲ. ಆದರೆ ಬರೆದ ಚಿತ್ರಗಳು ಹಾಸಿಗೆಯ ಕೆಳಗೆ ಸುರುಳಿಯಾಗಿ ಬಿದ್ದಿರುವಾಗ, ಹಾಲ್‌ಗೆ ಸಾವಿರಾರು ರೂಪಾಯಿಯ ಕುದುರೆಗಳು ಬಂದರೆ ಮಗುವಿಗೆ ತಲುಪುವ ಸಂದೇಶ ಏನು? ತನ್ನ ಕೆಲಸ ಗೋಡೆಗೆ ಯೋಗ್ಯವಲ್ಲ ಎಂದೇ ಅಲ್ಲವೇ?

ಇಂಪೀರಿಯಲ್ ಡ್ರಾಯಿಂಗ್ ಹಾಳೆ 22 ಅಂಗುಲ ಅಗಲ, 30 ಅಂಗುಲ ಉದ್ದ. ಅದನ್ನು ಅರ್ಧ ಮಾಡಿದರೆ 15 ಅಂಗುಲ ಅಗಲ, 22 ಅಂಗುಲ ಎತ್ತರ. ಎರಡೂ ಬದಿಗೆ ಅರ್ಧ ಅಂಗುಲದ ಚೌಕಟ್ಟು ಸೇರಿದರೆ 16. ಮೇಲಿನ ಲೆಕ್ಕದಲ್ಲಿ ಬಂದ ಅಗಲವೂ ಅದೇ! ಅಂಥ ಮೂರು ಹಾಳೆಗಳನ್ನು ನೆಲದ ಮೇಲೆ ಸಂದಿ ಬಿಟ್ಟು ಜೋಡಿಸಿ, ಊರಿನ ಕೆರೆಯನ್ನೋ ಶಾಲೆಯ ದಾರಿಯನ್ನೋ ಒಂದೇ ದೃಶ್ಯವಾಗಿ ಬೇಸಿಗೆ ರಜೆಯಲ್ಲಿ ಬರೆಯಬಹುದು. ಫ್ರೇಮ್ ಕಟ್ಟುವವರಿಗೆ ಹಿಂದಿನ ಹಲಗೆ ಬಿಚ್ಚಿ ಹಾಕುವಂತಿರಲಿ ಎಂದು ಹೇಳಿದರೆ ಚೌಕಟ್ಟು ಅದೇ ಇರುತ್ತದೆ, ಮುಂದಿನ ವರ್ಷ ಚಿತ್ರ ಬದಲಾಗುತ್ತದೆ.

ಬಂದ ನೆಂಟರು 'ಇದನ್ನೆಲ್ಲಿ ಕೊಂಡಿರಿ?' ಎಂದು ಕೇಳಿದಾಗ, ಒಳಕೋಣೆಯತ್ತ ತಿರುಗಿ ಮಗಳನ್ನು ಹೆಸರು ಹಿಡಿದು ಕೂಗುವ ಅಪ್ಪನ ಸಂತೋಷವೇ ಬೇರೆ. ಅದು ಯಾವ ಪಾರ್ಸೆಲ್‌ನಲ್ಲೂ ಬರುವಂಥದ್ದಲ್ಲ.