ದೊಣ್ಣೆ ದುಬಾರಿಯಾದರೆ ಚೆಂಡು ದೂರ ಹೋದೀತೆ?

ಕೊಡಗಿನ ಮಕ್ಕಳ ಕೈಗೆ ಮೊದಲು ಬರುವುದು ಹಾಕಿ ಸ್ಟಿಕ್. ಆದರೆ ಗಾಲ್ಫ್ ಇಲ್ಲಿಗೆ ಅಪರಿಚಿತವೇನಲ್ಲ. ಮಡಿಕೇರಿ, ಪಾಲಿಬೆಟ್ಟ, ವಿರಾಜಪೇಟೆ ಬಳಿಯ ಬಿಟ್ಟಂಗಾಲಗಳಲ್ಲಿ ಗಾಲ್ಫ್ ಮೈದಾನಗಳಿವೆ. ಹಾಕಿ ಆಡಿದವರಿಗೆ ಒಂದು ಅನುಕೂಲವೂ ಉಂಟು. ಎಡಗೈ ಮೇಲೆ, ಬಲಗೈ ಕೆಳಗೆ ಎಂಬ ಹಿಡಿತ ಬಲಗೈ ಗಾಲ್ಫ್ ಆಟಗಾರರಿಗೂ ಅದೇ.

ಗಾಲ್ಫ್ ಕಲಿಯಲು ಹೊರಟ ಹುಡುಗರ ಕಣ್ಣು ಮೊದಲು ಬೀಳುವುದು ಡ್ರೈವರ್ ಮೇಲೆ. ಟೀ ಮೇಲಿಟ್ಟ ಚೆಂಡನ್ನು ಅತಿ ದೂರಕ್ಕೆ ಅಟ್ಟುವ, ಚೀಲದಲ್ಲೇ ಉದ್ದನೆಯ ದೊಣ್ಣೆ ಇದು. ಬೆಲೆಯೂ ಹೆಚ್ಚು. ಆದ್ದರಿಂದ ಕೊಳ್ಳುವ ಮುನ್ನ ಪೋಷಕರು ಕೆಲವು ಸಂಗತಿ ಅರಿತಿರುವುದು ಒಳ್ಳೆಯದು.

ಆಯ್ಕೆ ಹೇಗೆ?

ಡ್ರೈವರ್ ಮುಖದ ಓರೆಗೆ ಲಾಫ್ಟ್ ಎಂದು ಹೆಸರು. ವೇಗವಾಗಿ ಬೀಸುವ ವೃತ್ತಿಪರರಿಗೆ 9 ಡಿಗ್ರಿ ಸಾಕಾದೀತು. ನಿಧಾನವಾಗಿ ಬೀಸುವ ಹೊಸಬರು ಅದನ್ನು ಹಿಡಿದರೆ ಚೆಂಡು ಮೇಲೇಳುವ ಮೊದಲೇ ನೆಲ ಕಾಣುತ್ತದೆ. ಅವರಿಗೆ 10.5ರಿಂದ 12 ಡಿಗ್ರಿ ಲೇಸು. ಕೊಡಗಿನ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಒದ್ದೆ ಹುಲ್ಲಿನ ಮೇಲೆ ಚೆಂಡು ಉರುಳದು, ಗಾಳಿಯಲ್ಲಿ ಸಾಗಿದ ದೂರವೇ ಲೆಕ್ಕ.

ಹಿಡಿಕೆಯ ಕೋಲು, ಅಂದರೆ ಶಾಫ್ಟ್, ಬೀಸುವ ವೇಗಕ್ಕೆ ತಕ್ಕಂತೆ ಬಾಗಬೇಕು. ಅಪ್ಪನ ಹಳೆಯ ಡ್ರೈವರನ್ನು ಕತ್ತರಿಸಿ ಮಗುವಿಗೆ ಕೊಡುವುದು ಉಳಿತಾಯದಂತೆ ಕಂಡರೂ ನಷ್ಟವೇ. ಕತ್ತರಿಸಿದ ಕೋಲು ಬಿರುಸಾಗುತ್ತದೆ, ತಲೆಯ ಭಾರ ಮಾತ್ರ ಹಾಗೇ ಉಳಿಯುತ್ತದೆ. ಆ ಭಾರ ತಾಳಲಾರದೆ ಮಗು ಕಲಿಯುವ ತಪ್ಪು ಬೀಸು ಮುಂದೆ ಸುಲಭಕ್ಕೆ ಬಿಡದು.

ಹೊಂದಿಸುವುದು ಹೇಗೆ?

ಈಗಿನ ಹಲವು ಡ್ರೈವರುಗಳ ಕುತ್ತಿಗೆಯ ತಿರುಪನ್ನು ಅದರ ಕೀಲಿಯಿಂದ ಸಡಿಲಿಸಿ ಲಾಫ್ಟನ್ನು ಒಂದೆರಡು ಡಿಗ್ರಿ ಬದಲಿಸಬಹುದು. ಲಾಫ್ಟ್ ಹೆಚ್ಚಿಸಿದರೆ ಬಲಗೈ ಆಟಗಾರರ ಡ್ರೈವರ್ ಮುಖ ತುಸು ಎಡಕ್ಕೂ ತಿರುಗುತ್ತದೆ. ಚೆಂಡು ಸದಾ ಬಲಕ್ಕೆ ಬಾಗಿ ಹೋಗುವವರಿಗೆ ಇದರಿಂದ ಕೊಂಚ ನೆರವಾದೀತು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಹತ್ತು ಚೆಂಡು ಹೊಡೆದು, ಫಲವನ್ನು ಬರೆದಿಡಿ. ಪಂದ್ಯದ ನಡುವೆ ಹೀಗೆ ಬದಲಿಸಲು ನಿಯಮ ಒಪ್ಪದು.

ತಿರುಪು ಮುಟ್ಟುವ ಮೊದಲು ನಿಲುವು ನೋಡಿಕೊಳ್ಳಿ. ಚೆಂಡು ಎಡ ಹಿಮ್ಮಡಿಯ ನೇರಕ್ಕಿರಲಿ, ಅದರ ಅರ್ಧ ಭಾಗ ಡ್ರೈವರ್ ತಲೆಗಿಂತ ಮೇಲೆ ಕಾಣಲಿ. ಇದಕ್ಕೆ ಕಾಸು ಬೇಕಿಲ್ಲ.

ದೂರವೇ ಸರ್ವಸ್ವವಲ್ಲ ಎಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಸಾಕ್ಷಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಕೆಯ ಡ್ರೈವ್‌ಗಳು ಎದುರಾಳಿಗಳದಕ್ಕಿಂತ ಬಹಳ ಹಿಂದೆ ಬೀಳುತ್ತಿದ್ದವು. ಆದರೂ ನಿಖರ ಪಟ್ಟಿಂಗ್ ಬಲದಿಂದ ನಾಲ್ಕನೇ ಸ್ಥಾನಕ್ಕೇರಿದರು. ಕಂಚು ತಪ್ಪಿದ್ದು ಒಂದೇ ಹೊಡೆತದಿಂದ. ಅಂದು ಆಕೆಯ ಚೀಲ ಹೊತ್ತು ನಡೆದವರು ತಾಯಿ. ಮಕ್ಕಳಿಗೆ ದುಬಾರಿ ಡ್ರೈವರ್ ಕೊಡಿಸಲಾಗದ ಪೋಷಕರು ಕೊರಗಬೇಕಾಗಿಲ್ಲ. ಅಳತೆಗೊಪ್ಪುವ ದೊಣ್ಣೆ, ದಿನವೂ ಒಂದಿಷ್ಟು ಅಭ್ಯಾಸ, ಜೊತೆಗೆ ನಡೆಯುವ ಮನಸ್ಸು ಇದ್ದರೆ ಆರಂಭಕ್ಕೆ ಸಾಕು.