ನರವಿಜ್ಞಾನದ ಸಮೀಕ್ಷಾ ಪತ್ರಿಕೆ: ಚರಿತ್ರೆ ಮತ್ತು ನಿರ್ವಹಣೆ

ಹೊಸ ಶೋಧನೆಗಳನ್ನು ವರದಿ ಮಾಡುವ ವಿಜ್ಞಾನ ಪತ್ರಿಕೆಗಳು ಒಂದು ಬಗೆಯವು. ಪ್ರಕಟವಾದ ಶೋಧನೆಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಸಮೀಕ್ಷಾ ಪತ್ರಿಕೆಗಳು ಇನ್ನೊಂದು ಬಗೆಯವು. ‘ಆನ್ಯುಯಲ್ ರಿವ್ಯೂ ಆಫ್ ನ್ಯೂರೋಸೈನ್ಸ್’ ಎರಡನೆಯದಕ್ಕೆ ಉತ್ತಮ ನಿದರ್ಶನ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಜೆ. ಮರೆ ಲಕ್ ಅವರಿಗೆ ಬೋಧನೆಯ ಸಂದರ್ಭದಲ್ಲಿ, ತಮ್ಮ ಶಾಸ್ತ್ರದ ಬರೆಹಗಳನ್ನೆಲ್ಲ ಒಬ್ಬರೇ ಓದಲಾಗದೆಂಬುದು ಮನವರಿಕೆಯಾಯಿತು. ಅದರ ಫಲವಾಗಿ 1932ರಲ್ಲಿ ಜೀವರಸಾಯನದ ವಾರ್ಷಿಕ ಸಮೀಕ್ಷೆ ಹೊರಬಂದಿತು. ಲಾಭೋದ್ದೇಶವಿಲ್ಲದ ಅದೇ ಸಂಸ್ಥೆ 1978ರಲ್ಲಿ ನರವಿಜ್ಞಾನದ ಮೊದಲ ಸಂಪುಟವನ್ನು ಪ್ರಕಟಿಸಿತು, ಡಬ್ಲ್ಯೂ. ಮ್ಯಾಕ್ಸ್‌ವೆಲ್ ಕೋವನ್ ಸಂಪಾದಕರಾಗಿದ್ದರು. ಅಂಗರಚನೆ, ಶರೀರಕ್ರಿಯೆ, ಮನೋವಿಜ್ಞಾನಗಳಲ್ಲಿ ಚದುರಿದ್ದ ಮಿದುಳಿನ ಅಧ್ಯಯನಗಳನ್ನು ಅದು ಒಂದೆಡೆ ತಂದಿತು.

ಇಲ್ಲಿ ಸಂಪಾದಕ ಮಂಡಳಿಯೇ ವಿಷಯಗಳನ್ನು ಆಯ್ದು ತಜ್ಞರಿಗೆ ಆಹ್ವಾನ ನೀಡುತ್ತದೆ. ಸಿದ್ಧವಾದುದು ಯಾವುದು, ವಿವಾದಗ್ರಸ್ತವಾದುದು ಯಾವುದು, ಇನ್ನೂ ತಿಳಿಯಬೇಕಾದುದು ಯಾವುದು ಎಂದು ವಿಂಗಡಿಸಿ ತೋರುವುದು ಲೇಖಕರ ಹೊಣೆ.

2023ರಲ್ಲಿ ಸಂಸ್ಥೆಯು ಆ ವರ್ಷದ ತನ್ನೆಲ್ಲ ಸಂಪುಟಗಳನ್ನು ಮುಕ್ತವಾಗಿ ಒದಗಿಸಿತು. ಗ್ರಂಥಾಲಯಗಳು ಚಂದಾ ಮುಂದುವರಿಸಿದರೆ ಆ ವರ್ಷದ ಸಂಪುಟ ಸರ್ವರಿಗೂ ಲಭ್ಯವೆಂಬುದು ಈ ವ್ಯವಸ್ಥೆಯ ತತ್ವ. ಹೀಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯ ವಿದ್ಯಾರ್ಥಿಗೂ ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರಿಗೂ ಒಂದೇ ಪುಟ ಬೆಲೆಯಿಲ್ಲದೆ ದೊರೆಯುವಂತಾಯಿತು.

ಆದರೆ ಬೆಲೆಯ ಬಾಗಿಲು ತೆರೆದರೂ ಭಾಷೆಯ ಬಾಗಿಲು ತೆರೆದಂತಾಗಲಿಲ್ಲ. ಬಿಡಿ ಶೋಧನೆಗಳ ಅನುವಾದಕ್ಕಿಂತ, ಶಾಸ್ತ್ರವೊಂದರ ಸದ್ಯದ ಸ್ಥಿತಿಯನ್ನು ವಿವೇಚಿಸುವ ಸಮೀಕ್ಷೆಗಳೇ ಕನ್ನಡಕ್ಕೆ ಹೆಚ್ಚು ಉಪಯುಕ್ತ. ಪರಿಭಾಷೆ ನೆಲೆಗೊಳ್ಳುವುದು ಪದಕೋಶದಲ್ಲಲ್ಲ, ಇಂತಹ ಬರವಣಿಗೆಯಲ್ಲಿ.