ಅಳತೆಯ ಪಕ್ಕದ ಮಾತು

ಮನೆಯ ನಕ್ಷೆಯಲ್ಲಿ 3048 ಎಂದು ಬರೆದಿದ್ದರೆ ಎಂಜಿನಿಯರು ಅದನ್ನು ಮಿಲಿಮೀಟರಿನಲ್ಲಿ ಓದಿಕೊಳ್ಳುತ್ತಾರೆ. ಗೋಡೆ ಕಟ್ಟುವ ಮೇಸ್ತ್ರಿಗೆ ಬೇಕಾದ್ದು ಹತ್ತು ಅಡಿ ಎಂಬ ಮಾತು. ನಮ್ಮಲ್ಲಿ ಸೈಟು ಮೂವತ್ತು–ನಲವತ್ತರದ್ದು, ಗೋಡೆ ಒಂಬತ್ತು ಇಂಚಿನದ್ದು ಅಥವಾ ನಾಲ್ಕೂವರೆ ಇಂಚಿನದ್ದು. ಮಂಜೂರಾತಿಗೆ ಕೊಡುವ ಪ್ಲಾನು ಮಾತ್ರ ಮೀಟರಿನಲ್ಲಿ, ಕಂಬಿ ಕಟ್ಟುವವರಿಗೆ ಕೊಡುವ ಡ್ರಾಯಿಂಗು ಮಿಲಿಮೀಟರಿನಲ್ಲಿ. ಹೀಗಾಗಿ ಡ್ರಾಫ್ಟಿಂಗ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಮೊದಲ ವಾರದಲ್ಲೇ ಒಂದು ಚಟ ಕಲಿಯುತ್ತಾರೆ: ಅಳತೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಅಲ್ಲಿರುವ ಸಂಖ್ಯೆ ಅಳಿಸಿ, ತಮಗೆ ಬೇಕಾದ್ದನ್ನು ಬೆರಳಚ್ಚು ಮಾಡುವುದು. ನಕ್ಷೆ ಕೆಡುವುದು ಇಲ್ಲಿಂದಲೇ. ಇದನ್ನು ತಪ್ಪಿಸಲು ಹತ್ತು ಹದಿನೈದು ಸಾಲಿನ ಸ್ಕ್ರಿಪ್ಟು ಸಾಕು. ಆದರೆ ಸ್ಕ್ರಿಪ್ಟನ್ನು ಯಾವ ಕೆಲಸಕ್ಕೆ ಹಚ್ಚಬೇಕು, ಯಾವುದಕ್ಕೆ ಹಚ್ಚಬಾರದು ಎಂಬುದು ಮೊದಲು ತಿಳಿದಿರಬೇಕು.

ಕ್ಯಾಡ್ ನಕ್ಷೆಯಲ್ಲಿ ಅಳತೆ ಎಂದರೆ ಎರಡು ಬಾಣ, ಒಂದು ಗೆರೆ, ಒಂದು ಸಂಖ್ಯೆ ಅಷ್ಟೇ ಅಲ್ಲ. ಅದರ ಒಳಗೆ ಎರಡು ಬಿಂದುಗಳ ಸ್ಥಾನ ಅಡಗಿರುತ್ತದೆ; ಅವುಗಳ ನಡುವಿನ ದೂರವನ್ನು ತಂತ್ರಾಂಶವೇ ಲೆಕ್ಕ ಹಾಕಿ ತೋರಿಸುತ್ತದೆ. ಈ ಯೋಚನೆ ಕಂಪ್ಯೂಟರ್ ಚಿತ್ರರಚನೆಯಷ್ಟೇ ಹಳೆಯದು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್‌ಲೆಂಡ್ ತಮ್ಮ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ರೂಪಿಸಿದಾಗಲೇ, ಎಳೆದ ಅಳತೆಗೆರೆಯ ಮೇಲೆ ಸಂಖ್ಯೆಯನ್ನು ಯಂತ್ರವೇ ಮೂಡಿಸುತ್ತಿತ್ತು. 1982ರಲ್ಲಿ ಬಂದ ಆಟೊಕ್ಯಾಡ್ ಇಂಥ ಸೌಕರ್ಯವನ್ನು ಸಣ್ಣ ಕಚೇರಿಗಳ ಮೇಜಿಗೆ ತಂದಿತು. 2002ರ ಆವೃತ್ತಿಯಿಂದ ಅದರಲ್ಲಿ ಅಳತೆಯನ್ನು ನೇರವಾಗಿ ಗೋಡೆಯ ಗೆರೆಗೇ ಅಂಟಿಸಬಹುದು. ಗೋಡೆ ಸರಿದರೆ ಅಳತೆಯೂ ಸರಿಯುತ್ತದೆ, ಸಂಖ್ಯೆಯೂ ಬದಲಾಗುತ್ತದೆ.

ಫೈಲಿನೊಳಗೆ ಇಣುಕಿದರೆ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. ಆಟೊಕ್ಯಾಡ್ ಪ್ರತಿ ವಸ್ತುವಿನ ವಿವರವನ್ನೂ ನಂಬರು ಹಚ್ಚಿದ ಜೋಡಿಗಳಾಗಿ ಇಡುತ್ತದೆ. 0 ಎಂಬ ನಂಬರಿನ ಎದುರು ವಸ್ತುವಿನ ಜಾತಿ, 8ರ ಎದುರು ಅದು ಕೂತಿರುವ ಲೇಯರಿನ ಹೆಸರು. ಅಳತೆಗಳಿಗೆ ಸಂಬಂಧಿಸಿ ಮುಖ್ಯವಾದವು ಎರಡು. 42ರ ಎದುರು ತಂತ್ರಾಂಶ ಅಳೆದು ಕಂಡ ನಿಜವಾದ ಉದ್ದ. 1ರ ಎದುರು, ಕಾಗದದ ಮೇಲೆ ಏನು ಕಾಣಬೇಕು ಎಂಬ ಬರಹ. ಈ ಒಂದನೇ ಜಾಗ ಖಾಲಿ ಇದ್ದರೆ ನಿಜವಾದ ಉದ್ದವೇ ಕಾಣುತ್ತದೆ. ಅಲ್ಲಿ <> ಎಂಬ ಚಿಹ್ನೆ ಇದ್ದರೆ, ಆ ಚಿಹ್ನೆ ಇರುವಲ್ಲಿ ಉದ್ದವನ್ನು ತುಂಬಿ, ಅದರ ಹಿಂದೆ ಮುಂದೆ ಬರೆದ ಮಾತುಗಳನ್ನು ಹಾಗೇ ತೋರಿಸುತ್ತದೆ. [] ಎಂಬ ಚಿಹ್ನೆ ಇದ್ದರೆ ಅದೇ ಉದ್ದವನ್ನು ಎರಡನೇ ಮಾನದಲ್ಲಿ, ಅಂದರೆ ಮಿಲಿಮೀಟರಿನ ಜೊತೆಗೆ ಅಡಿ–ಇಂಚಿನಲ್ಲಿ, ತೋರಿಸುತ್ತದೆ. ಈ ಎರಡೂ ಇಲ್ಲದೆ ಬರೀ 3000 ಎಂದು ಬೆರಳಚ್ಚು ಮಾಡಿದ್ದರೆ 3000 ಎಂದೇ ಕಾಣುತ್ತದೆ. ನಾಳೆ ಗೋಡೆಯನ್ನು ಇನ್ನೂರು ಮಿಲಿಮೀಟರು ಆಚೆ ಸರಿಸಿದರೂ 3000, ಅರ್ಧಕ್ಕೆ ಕತ್ತರಿಸಿದರೂ 3000.

ಕೈಯಲ್ಲಿ ನಕ್ಷೆ ಬರೆಯುತ್ತಿದ್ದ ಕಾಲದಲ್ಲೂ ಇಂಥ ಪ್ರಸಂಗ ಬರುತ್ತಿತ್ತು. ಚಿತ್ರವನ್ನೆಲ್ಲ ಮತ್ತೆ ಎಳೆಯಲು ಪುರುಸೊತ್ತಿಲ್ಲದಾಗ ಸಂಖ್ಯೆಯನ್ನಷ್ಟೇ ತಿದ್ದುತ್ತಿದ್ದರು. ಆದರೆ ಹಾಗೆ ತಿದ್ದಿದ ಸಂಖ್ಯೆಯ ಕೆಳಗೆ ದಪ್ಪ ಗೆರೆ ಎಳೆಯಬೇಕೆಂಬ ನಿಯಮವಿತ್ತು. ಭಾರತೀಯ ಮಾನಕ ಬ್ಯೂರೊ ಶಾಲಾ ಕಾಲೇಜುಗಳಿಗಾಗಿ ಹೊರತಂದ ಎಸ್‌ಪಿ 46 ಎಂಬ ಕೈಪಿಡಿಯಲ್ಲಿ ಆ ನಿಯಮ ಇದೆ, ಅಂತರರಾಷ್ಟ್ರೀಯ ಮಾನಕದಲ್ಲೂ ಇದೆ. ಈ ಸಂಖ್ಯೆ ಚಿತ್ರದೊಂದಿಗೆ ತಾಳೆಯಾಗುವುದಿಲ್ಲ, ನೋಡಿಕೊಳ್ಳಿ ಎಂದು ಡ್ರಾಫ್ಟ್ಸ್‌ಮನ್ ವರ್ಕ್‌ಶಾಪಿನವರಿಗೆ ಮುಚ್ಚುಮರೆಯಿಲ್ಲದೆ ಹೇಳುವ ದಾರಿ ಅದು. ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದ ಸಂಖ್ಯೆಗೆ ಈ ಗೆರೆ ತಾನಾಗಿ ಬೀಳುವುದಿಲ್ಲ. ನಿಜವಾದ ಅಳತೆಯೂ ಹಾಕಿಟ್ಟ ಅಳತೆಯೂ ಒಂದೇ ಅಕ್ಷರದಲ್ಲಿ, ಒಂದೇ ಬಣ್ಣದಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಇಷ್ಟು ಒಳ್ಳೆಯ ಪದ್ಧತಿಯನ್ನು ನಾವು ಕೈಬಿಟ್ಟದ್ದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈಗ ಸ್ಕ್ರಿಪ್ಟಿನ ಮಾತು. ಆಟೊಕ್ಯಾಡಿನೊಳಗೆ ಆಟೊಲಿಸ್ಪ್ ಎಂಬ ಪುಟ್ಟ ಭಾಷೆ 1986ರಿಂದಲೂ ಇದೆ. 1958ರಲ್ಲಿ ಜಾನ್ ಮೆಕಾರ್ಥಿ ಕೃತಕ ಬುದ್ಧಿಮತ್ತೆಯ ಸಂಶೋಧನೆಗಾಗಿ ಆರಂಭಿಸಿದ ಲಿಸ್ಪ್ ಭಾಷೆಯ ಮನೆತನದ್ದು ಅದು. ತುಂಬ ಆವರಣ ಚಿಹ್ನೆಗಳಿರುವುದರಿಂದ ಮೊದಲ ನೋಟಕ್ಕೆ ಹೆದರಿಸುತ್ತದೆ, ಆದರೆ ನಮ್ಮ ಕೆಲಸಕ್ಕೆ ಬೇಕಾದಷ್ಟನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಮಾಡಬೇಕಾದ್ದು ಇಷ್ಟೇ: ಬಳಕೆದಾರ ಆರಿಸಿದ ವಸ್ತುಗಳಲ್ಲಿ ಅಳತೆಗಳನ್ನು ಮಾತ್ರ ಸೋಸಿಕೊಳ್ಳುವುದು, ಒಂದೊಂದನ್ನೂ ತೆಗೆದು ಅದರ 1ನೇ ನಂಬರಿನ ಬರಹವನ್ನು ನೋಡುವುದು, ಬೇಕಾದಂತೆ ಬದಲಿಸಿ ಮತ್ತೆ ಅಲ್ಲೇ ಇಡುವುದು. ಉಚಿತವಾಗಿ ಸಿಗುವ ಫ್ರೀಕ್ಯಾಡಿನಲ್ಲಿ ಇದೇ ಕೆಲಸಕ್ಕೆ ಪೈಥಾನ್ ಇದೆ. ಡಿಪ್ಲೊಮಾ ಓದುವವರು ಅದರಲ್ಲೇ ಅಭ್ಯಾಸ ಮಾಡಬಹುದು.

ಮೊದಲು ಯಾರಿಗಾದರೂ ಹೊಳೆಯುವ ಸ್ಕ್ರಿಪ್ಟು ಅಡಿ–ಇಂಚಿನದ್ದು. 42ನೇ ನಂಬರಿನಿಂದ ಉದ್ದ ತೆಗೆದುಕೊ, 25.4ರಿಂದ ಭಾಗಿಸು, 12ರ ಲೆಕ್ಕದಲ್ಲಿ ಅಡಿ ಮಾಡು, ಸಂಖ್ಯೆಯ ಕೆಳಗೆ ಬರೆ. ಒಂದು ಕ್ಷಣದಲ್ಲಿ ಹಾಳೆಯ ತುಂಬ ಅಡಿ–ಇಂಚು ಮೂಡಿ ಮನಸ್ಸಿಗೆ ಹಬ್ಬವೇ. ಆದರೆ ಇದು ಮಾಡಬಾರದ ಸ್ಕ್ರಿಪ್ಟು. ಬೆರಳು ಮಾಡುತ್ತಿದ್ದ ತಪ್ಪನ್ನೇ ಇದು ಬೇಗ ಬೇಗ ಮಾಡುತ್ತದೆ. ಗೋಡೆ ಸರಿದಾಗ ಮೇಲಿನ ಮಿಲಿಮೀಟರು ಬದಲಾಗುತ್ತದೆ, ಕೆಳಗಿನ ಅಡಿ ಹಳೆಯದೇ ಉಳಿಯುತ್ತದೆ. ಮೇಸ್ತ್ರಿ ಓದುವುದು ಆ ಕೆಳಗಿನದ್ದನ್ನೇ. ಇದಕ್ಕೆ ಸರಿಯಾದ ದಾರಿ [] ಚಿಹ್ನೆ. ಅಳತೆಯ ಶೈಲಿಯಲ್ಲಿ ಎರಡನೇ ಮಾನವನ್ನು ಒಮ್ಮೆ ಚಾಲೂ ಮಾಡಿದರೆ ಅಡಿ–ಇಂಚೂ ಜೀವಂತವಾಗಿರುತ್ತದೆ. ಆಮೇಲೆ ಸ್ಕ್ರಿಪ್ಟು ಬರೆಯಬೇಕಾದ್ದು ಸಂಖ್ಯೆಯನ್ನಲ್ಲ, ಆ ಎರಡು ಚಿಹ್ನೆಗಳನ್ನು, ಅವುಗಳ ಪಕ್ಕದ ಮಾತುಗಳನ್ನು.

ಜೀವಂತ ಸಂಖ್ಯೆಗೂ ಒಂದು ತೊಡಕಿದೆ. ಮೂರು ಕೋಣೆಗಳು ಸಾಲಾಗಿವೆ, ಗೋಡೆಯ ಮಧ್ಯದಿಂದ ಮಧ್ಯಕ್ಕೆ ಒಂದೊಂದೂ 3040 ಮಿ.ಮೀ. ಎಂದುಕೊಳ್ಳಿ. ಅದು 119.685 ಇಂಚು. ಹತ್ತಿರದ ಇಂಚಿಗೆ ಸರಿಪಡಿಸಿದರೆ 120, ಅಂದರೆ ಸರಿಯಾಗಿ ಹತ್ತು ಅಡಿ. ಮೂರೂ ಕೂಡಿದರೆ ಮೂವತ್ತು ಅಡಿ. ಆದರೆ ಒಟ್ಟು ಉದ್ದ 9120 ಮಿ.ಮೀ.ಯನ್ನು ನೇರವಾಗಿ ಮಾರ್ಪಡಿಸಿದರೆ 359.055 ಇಂಚು, ಸರಿಪಡಿಸಿದ ಮೇಲೆ 29 ಅಡಿ 11 ಇಂಚು. ಒಂದೇ ಹಾಳೆಯಲ್ಲಿ ಬಿಡಿ ಅಳತೆಗಳು ಒಂದು ಹೇಳುತ್ತವೆ, ಒಟ್ಟು ಅಳತೆ ಇನ್ನೊಂದು ಹೇಳುತ್ತದೆ, ಎರಡೂ ಲೆಕ್ಕದ ಪ್ರಕಾರ ಸರಿ! ಮೂವತ್ತು ಅಡಿ ಅಗಲದ ಸೈಟಿನಲ್ಲಿ ಸೆಟ್‌ಬ್ಯಾಕು ಬಿಡಬೇಕಾದಾಗ ಈ ಒಂದು ಇಂಚು ಜಗಳ ತರಬಲ್ಲದು. ಅರ್ಧ ಇಂಚಿಗೋ ಕಾಲು ಇಂಚಿಗೋ ಸರಿಪಡಿಸಿದರೆ ಅಂತರ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಪಾಯಕ್ಕೆ ಮಾರ್ಕಿಂಗ್ ಹಾಕುವಾಗ ಯಾವುದನ್ನು ಹಿಡಿಯಬೇಕು ಎಂಬುದನ್ನು ನಕ್ಷೆಯಲ್ಲೇ ಹೇಳಿಬಿಡುವುದು ಒಳ್ಳೆಯದು. ಒಟ್ಟು ಅಳತೆಗಳನ್ನೆಲ್ಲ ಒಂದು ಲೇಯರಿನಲ್ಲಿ ಇಟ್ಟಿದ್ದರೆ, ಆ ಲೇಯರಿನ ಪ್ರತಿ ಅಳತೆಯ ಮುಂದೂ ‘ಇದೇ ಪ್ರಮಾಣ’ ಎಂದು ಸೇರಿಸುವುದು ಸ್ಕ್ರಿಪ್ಟಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ.

ಸಂಖ್ಯೆ ತಾನೇ ಹೇಳಲಾರದ ಇನ್ನೊಂದು ಸಂಗತಿ ಪ್ಲಾಸ್ಟರು. ಇಟ್ಟಿಗೆಯಿಂದ ಇಟ್ಟಿಗೆಗೆ 3000 ಇದ್ದ ಕೋಣೆ, ಎರಡೂ ಕಡೆ 12 ಮಿ.ಮೀ. ಪ್ಲಾಸ್ಟರು ಆದಮೇಲೆ 2976 ಆಗುತ್ತದೆ. ಗೋಡೆಯಿಂದ ಗೋಡೆಗೆ ವಾರ್ಡ್‌ರೋಬು ಕೂರಿಸುವ ಬಡಗಿಗೆ ಆ 24 ಮಿಲಿಮೀಟರು ದೊಡ್ಡದು. ಇಟ್ಟಿಗೆ ಕೆಲಸದ ಲೇಯರಿನಲ್ಲಿರುವ ಅಳತೆಗಳಿಗೆ ‘ಪ್ಲಾಸ್ಟರಿಗೆ ಮುನ್ನ’ ಎಂದೂ ಒಳಾಂಗಣದ ಲೇಯರಿನಲ್ಲಿರುವವಕ್ಕೆ ‘ಪ್ಲಾಸ್ಟರು ಹಿಡಿದು’ ಎಂದೂ ಸ್ಕ್ರಿಪ್ಟು ಸೇರಿಸಿದರೆ ಆ ನಕ್ಷೆ ಓದುವವರಿಗೆ ಎಷ್ಟು ಉಪಕಾರ! ಅದೂ ಕನ್ನಡದಲ್ಲೇ ಇರಲಿ ಎಂಬುದು ನನ್ನ ಆಸೆ. ಡ್ರಾಯಿಂಗುಗಳಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ಎಸ್‌ಎಚ್‌ಎಕ್ಸ್ ಅಕ್ಷರಗಳಲ್ಲಿ ಕನ್ನಡವಿಲ್ಲ, ಹಾಗಾಗಿ ಅಳತೆಯ ಶೈಲಿಗೆ ಯೂನಿಕೋಡ್ ಕನ್ನಡವಿರುವ ಟ್ರೂಟೈಪ್ ಫಾಂಟು ಕೊಡಬೇಕು. 2021ರ ಆವೃತ್ತಿಯಿಂದ ಆಟೊಲಿಸ್ಪ್ ಯೂನಿಕೋಡನ್ನು ಒಪ್ಪಿಕೊಳ್ಳುವುದರಿಂದ ಸ್ಕ್ರಿಪ್ಟಿನೊಳಗೇ ಕನ್ನಡ ಪದ ಬರೆಯಬಹುದು. ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಒಂದು ಹಾಳೆ ಮುದ್ರಿಸಿ ನೋಡಿಕೊಂಡರೆ ಆಯಿತು.

ಪೀಣ್ಯದ ಮೆಷಿನ್ ಶಾಪುಗಳ ಡ್ರಾಯಿಂಗಿಗೆ ಬಂದರೆ ಮಾತಿನ ಜಾತಿ ಬೇರೆ, ನಿಯಮ ಅದೇ. ಒಂದೇ ಗಾತ್ರದ ನಾಲ್ಕು ತೂತಿದ್ದರೆ ಒಂದಕ್ಕೆ ಮಾತ್ರ ಅಳತೆ ಕೊಟ್ಟು ಮುಂದೆ ‘4 ×’ ಎಂದು ಬರೆಯುವುದು ರೂಢಿ. ಬರಹದ ಜಾಗದಲ್ಲಿ 4 × <> ಎಂದಿಟ್ಟರೆ ತೂತಿನ ವ್ಯಾಸ ಬದಲಾದರೂ ಚಿಂತೆಯಿಲ್ಲ. ಟಾಲರೆನ್ಸ್ ಬಂದಾಗ ಕಷ್ಟ ಶುರುವಾಗುತ್ತದೆ. ಐಎಸ್‌ಒ 286ರ ಕೋಷ್ಟಕದ ಪ್ರಕಾರ ಎಚ್7 ದರ್ಜೆಯ ತೂತಿಗೆ ಕೆಳಮಿತಿ ಸೊನ್ನೆ, ಮೇಲ್ಮಿತಿ ವ್ಯಾಸಕ್ಕೆ ತಕ್ಕಂತೆ: 18ರ ಮೇಲೆ 30ರವರೆಗೆ 0.021 ಮಿ.ಮೀ., 30ರ ಮೇಲೆ 50ರವರೆಗೆ 0.025, 50ರ ಮೇಲೆ 80ರವರೆಗೆ 0.030. ವಿನ್ಯಾಸ ಬದಲಾಗಿ 25ರ ತೂತು 32 ಆದಾಗ ವ್ಯಾಸದ ಸಂಖ್ಯೆ ತಾನಾಗಿ ಬದಲಾಗುತ್ತದೆ, ಪಕ್ಕದಲ್ಲಿ ಬೆರಳಚ್ಚು ಮಾಡಿದ 0.021 ಹಾಗೇ ಉಳಿಯುತ್ತದೆ. ಇಲ್ಲಿ ಸ್ಕ್ರಿಪ್ಟು ಸಂಖ್ಯೆ ಬರೆಯದೆ ವಿಧಿಯಿಲ್ಲ: ಕೋಷ್ಟಕವನ್ನು ಹೊಟ್ಟೆಯಲ್ಲಿಟ್ಟುಕೊಂಡು, ವ್ಯಾಸ ಓದಿ, ಮಿತಿ ಹುಡುಕಿ ಬರೆಯಬೇಕು. ಹಾಗೆ ಬರೆದ ಪ್ರತಿ ಅಳತೆಯ ಒಡಲಿಗೂ ಕಾಗದದ ಮೇಲೆ ಕಾಣದ ಒಂದು ಗುರುತು ಅಂಟಿಸಿಟ್ಟರೆ, ಪ್ರತಿ ಸಲ ಪ್ರಿಂಟಿಗೆ ಮುಂಚೆ ಅದೇ ಸ್ಕ್ರಿಪ್ಟು ಆ ಗುರುತಿನವನ್ನೆಲ್ಲ ಹುಡುಕಿ ಹೊಸದಾಗಿ ಬರೆಯುತ್ತದೆ. ವಸ್ತುವಿಗೆ ಹೀಗೆ ಖಾಸಗಿ ಮಾಹಿತಿ ಕಟ್ಟುವ ಅನುಕೂಲ ಆಟೊಕ್ಯಾಡಿನಲ್ಲಿದೆ, ಬಳಸುವವರು ಕಡಿಮೆ.

ಒಂದು ಎಚ್ಚರಿಕೆ. ಅಳತೆಗಳಲ್ಲಿ ಕೋನದ ಅಳತೆಯೂ ಸೇರಿರುತ್ತದೆ, ಅದರ 42ನೇ ಜಾಗದಲ್ಲಿರುವುದು ಡಿಗ್ರಿಯಲ್ಲ, ರೇಡಿಯನ್. ಲಂಬಕೋನಕ್ಕೆ ಅಲ್ಲಿ ಸಿಗುವುದು 1.5708. ಜಾತಿ ನೋಡದೆ ಎಲ್ಲದಕ್ಕೂ ಒಂದೇ ಲೆಕ್ಕ ಹಚ್ಚುವ ಸ್ಕ್ರಿಪ್ಟು ಅದನ್ನು ಒಂದೂವರೆ ಮಿಲಿಮೀಟರು ಎಂದು ತಿಳಿದುಬಿಡುತ್ತದೆ. ಅಳತೆಯ ಬಗೆಯನ್ನು 70ನೇ ನಂಬರು ಹೇಳುತ್ತದೆ. ಅದನ್ನು ಮೊದಲು ಓದಿ ಕೋನಗಳನ್ನು ಬದಿಗಿಡಬೇಕು.

ಇಷ್ಟೆಲ್ಲದರಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಏನನ್ನೂ ತಿದ್ದದೆ ಬರೀ ಹುಡುಕುವ ಸ್ಕ್ರಿಪ್ಟಿಗೆ. ಅದು ಕೇಳುವ ಪ್ರಶ್ನೆ ಒಂದೇ: 1ನೇ ಜಾಗದಲ್ಲಿ ಬರಹವಿದೆಯೇ, ಇದ್ದು ಅದರಲ್ಲಿ <> ಇಲ್ಲವೇ? ಹಾಗಿದ್ದರೆ ಅದು ಯಾರೋ ಬೆರಳಚ್ಚು ಮಾಡಿದ ಅಳತೆ. ಬರಹದ ಸಂಖ್ಯೆಯನ್ನು 42ರ ಉದ್ದದೊಂದಿಗೆ ಹೋಲಿಸಿ, ಹೊಂದಿಕೆಯಾದರೆ ಬರಹ ಅಳಿಸಿ ಜೀವಂತ ಅಳತೆಯನ್ನು ವಾಪಸು ತರಬಹುದು. ಹೊಂದದಿದ್ದರೆ ಕೆಂಪು ಬಣ್ಣ ಹಚ್ಚಿ, ಎಸ್‌ಪಿ 46 ಹೇಳುವ ಅಡಿಗೆರೆಯನ್ನೂ ಎಳೆಯಬಹುದು, ಏಕೆಂದರೆ ಅಳತೆಯ ಬರಹಕ್ಕೆ ಅಡಿಗೆರೆ ಹಾಕುವ ಸಂಕೇತ ಆಟೊಕ್ಯಾಡಿನಲ್ಲಿ ಇದ್ದೇ ಇದೆ. ಬೇರೆ ಕಚೇರಿಯಿಂದ ಬಂದ ಫೈಲನ್ನು ತೆರೆದ ಕೂಡಲೇ ಈ ಸ್ಕ್ರಿಪ್ಟು ಓಡಿಸುವುದು ರೂಢಿಯಾಗಬೇಕು.

ಇದಕ್ಕೂ ಕಾಣದ ಎರಡು ಮೂಲೆಗಳಿವೆ. ಅಳತೆಯ ಶೈಲಿಯಲ್ಲಿ ಉದ್ದವನ್ನು ಗುಣಿಸುವ ಒಂದು ಅಂಶ ಇರುತ್ತದೆ. ಎರಡು ಪಟ್ಟು ದೊಡ್ಡದಾಗಿ ಬಿಡಿಸಿದ ವಿವರಚಿತ್ರಕ್ಕೆ ಅದನ್ನು 0.5 ಎಂದು ಇಡುವುದು ನ್ಯಾಯವೇ. ಆದರೆ ಆ ಅಳತೆಯನ್ನು ಮುಖ್ಯ ಚಿತ್ರಕ್ಕೆ ಕಾಪಿ ಮಾಡಿದರೆ ಬರಹ ಖಾಲಿಯಿದ್ದೂ ಸಂಖ್ಯೆ ಅರ್ಧವಾಗಿರುತ್ತದೆ, ಆದ್ದರಿಂದ ಸ್ಕ್ರಿಪ್ಟು ಈ ಅಂಶ 1 ಅಲ್ಲದ ಅಳತೆಗಳನ್ನೂ ಪಟ್ಟಿ ಮಾಡಬೇಕು. ಎರಡನೆಯದು ಎಕ್ಸ್‌ಪ್ಲೋಡ್ ಮಾಡಿದ ಅಳತೆ. ಒಮ್ಮೆ ಒಡೆದ ಮೇಲೆ ಅದು ಅಳತೆಯೇ ಅಲ್ಲ, ಬಿಡಿ ಗೆರೆಗಳು ಮತ್ತು ಒಂದು ಸಂಖ್ಯೆಯ ಬರಹ. ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಎಂಬ ನೆನಪೇ ಫೈಲಿನಲ್ಲಿ ಉಳಿದಿರುವುದಿಲ್ಲ. ಅಂಥವುಗಳಿಗೆ ದೂರ ಅಳೆಯುವ ಕಮಾಂಡು ಕೊಟ್ಟು ಗೆರೆಯ ಎರಡು ತುದಿ ಹಿಡಿದು ನೋಡಬೇಕು, ಅಳತೆಯನ್ನು ಮತ್ತೆ ಹೊಸದಾಗಿ ಹಾಕಬೇಕು.